ಖರಾಬಿನ ಎರಡನೆಯ ನಕ್ಷೆ

ನಕ್ಷೆಯಲ್ಲಿ ಒಂದು ತುಂಡೂ ಬಣ್ಣವಿಲ್ಲದೆ ಉಳಿಯಬಾರದು ಎಂಬುದು ನಮ್ಮ ಪ್ರೊಫೆಸರರ ಕಟ್ಟಪ್ಪಣೆ. ಬೇಸಾಯಕ್ಕೆ ಹಳದಿ, ತೋಪಿಗೆ ಹಸಿರು, ಕೆರೆಗೆ ನೀಲಿ, ಮನೆಗಳಿಗೆ ಕೆಂಪು, ಯಾವುದಕ್ಕೂ ಬಾರದ ನೆಲಕ್ಕೆ ಬೂದು. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕಿದ್ದ ಆ ಊರಿನ ಗ್ರಾಮನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸಿಕೊಂಡು, ಒಂದೊಂದೇ ಸರ್ವೆ ನಂಬರಿಗೆ ಬಣ್ಣ ತುಂಬುತ್ತಾ ಬಂದಿದ್ದೆ. ಊರಿನ ಉತ್ತರಕ್ಕೆ ದೊಡ್ಡ ಹುಣಸೆಮರ, ಅದನ್ನು ದಾಟಿದರೆ ಬಂಡೆ, ಲಂಟಾನ ಪೊದೆ, ಒಂದಿಷ್ಟು ಜಾಲಿ. ರೆವಿನ್ಯೂ ಲೆಕ್ಕದಲ್ಲಿ ಅದು ಖರಾಬು, ಅಂದರೆ ಉಳುಮೆಗೆ ಬಾರದ ಸರ್ಕಾರಿ ನೆಲ. ಅಲ್ಲಿಗೆ ಬಂದಾಗ ಬೂದು ಪೆನ್ಸಿಲು ಕೈಯಲ್ಲೇ ಉಳಿಯಿತು. ಹಚ್ಚಲು ನನಗೆ ಮನಸ್ಸು ಬರಲಿಲ್ಲ.

ಅದು ಎಂಬತ್ತರ ದಶಕದ ಕೊನೆ. ಮಂಡಲ ಪಂಚಾಯಿತಿಗಳು ಹೊಸದಾಗಿ ಬಂದಿದ್ದವು. ನಾನು ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಾ, ಪಕ್ಕದ ಗಣಿ ಬಡಾವಣೆ ಕೋರಮಂಡಲ್‌ನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಪ್ರೊಫೆಸರರ ಭೂಬಳಕೆ ಸಮೀಕ್ಷೆಗೆ ಸೇರಿಕೊಂಡೆ. ತಂಡದ ಗಂಡಸರಿಗೆ ಬಂಗಾರಪೇಟೆಯ ಲಾಡ್ಜು. ನಾನೊಬ್ಬಳೇ ಹೆಂಗಸು, ನನ್ನನ್ನು ಎಲ್ಲಿಡುವುದು ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಊರಿನ ಮೆಂಬರಮ್ಮನ ಮನೆಯಲ್ಲಿ ಬಿಟ್ಟರು. ಆಕೆ ಮಹಿಳಾ ಮೀಸಲಿನಲ್ಲಿ ಗೆದ್ದ ಮಂಡಲ ಸದಸ್ಯೆ. ಗೆದ್ದವಳು ಆಕೆ, ಮೀಟಿಂಗಿಗೆ ಹೋಗುತ್ತಿದ್ದವನು ಗಂಡ. ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ಆಕೆ ಹಾಲು ಕರೆದ ಕೈ ಒರೆಸಿಕೊಂಡು ರುಜು ಹಾಕುತ್ತಿದ್ದಳು. ಇದನ್ನು ನೋಡಿ ನಾನು ಮೊದಲ ದಿನವೇ ಕೊಂಕು ಆಡಿದೆ, ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನ ಬಾಯಿ ಸ್ವಲ್ಪ ಜಾಸ್ತಿ ಎಂದು ಆಕೆಗೆ ಬೇಗ ಗೊತ್ತಾಯಿತು.

ಆ ಖರಾಬು ಏನೆಂದು ನನಗೆ ತಿಳಿದದ್ದು ಚೈನು ಹಿಡಿದು ಅಳೆದಾಗ ಅಲ್ಲ. ಮೊದಲ ನಸುಕಿನಲ್ಲೇ ಮೆಂಬರಮ್ಮ ನನ್ನನ್ನು ಎಬ್ಬಿಸಿ ಕೈಗೆ ನೀರಿನ ಚೊಂಬು ಕೊಟ್ಟಳು. ಊರಿನಲ್ಲಿ ಒಂದು ಮನೆಗೂ ಕಕ್ಕಸಿರಲಿಲ್ಲ. ಗಂಡಸರು ಕೆರೆ ಏರಿಯ ಕಡೆ, ಹೆಂಗಸರು ಈ ಬಂಡೆಯ ಕಡೆ. ಒಕ್ಕಲಿಗರ ಬೀದಿಯಿಂದ ಒಂದು ಕಾಲುದಾರಿ, ಕೂಲಿಯವರ ಕಾಲನಿಯಿಂದ ಇನ್ನೊಂದು. ಬಂಡೆಯ ಹತ್ತಿರ ಬಂದು ಒಂದು ಎಡಕ್ಕೆ, ಒಂದು ಬಲಕ್ಕೆ. ಅಲ್ಲಿಯೂ ಜಾತಿ ಬಿಟ್ಟಿರಲಿಲ್ಲ. ಆದರೆ ಇನ್ನೊಂದು ಕಟ್ಟು ಇತ್ತು. ನಸುಕಿನಲ್ಲಿ ಮತ್ತು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಊರಿನ ಯಾವ ಗಂಡಸೂ ಹುಣಸೆಮರ ದಾಟುತ್ತಿರಲಿಲ್ಲ. ಎತ್ತು ತಪ್ಪಿಸಿಕೊಂಡು ಆ ಕಡೆ ಓಡಿದರೂ ಮರದ ಕೆಳಗೆ ನಿಂತು, ಮುಖ ಊರಿನತ್ತ ತಿರುಗಿಸಿ, ಯಾರಾದರೂ ಹೆಂಗಸು ಹೊಡೆದುಕೊಂಡು ಬರುವ ತನಕ ಕಾಯುತ್ತಿದ್ದರು. ಈ ಕಟ್ಟನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ. ಮೀಸೆ ಬರುವ ಮುಂಚೆಯೇ ಗಂಡುಹುಡುಗರ ಕಾಲಿಗೆ ಅದು ಗೊತ್ತಿರುತ್ತಿತ್ತು.

ನಮ್ಮ ಪ್ರಶ್ನಾವಳಿಯನ್ನು ತುಂಬಬೇಕಾದದ್ದು ‘ಮನೆ ಯಜಮಾನ’ನಿಂದ. ಬಂಡೆಯ ಕಡೆಯ ಜಮೀನು ಯಾವ ಉಪಯೋಗದಲ್ಲಿದೆ ಎಂದು ನಾನು ಮನೆಮನೆಯಲ್ಲಿ ಕೇಳಿದೆ. ಒಬ್ಬೊಬ್ಬರೂ ನೆಲ ನೋಡಿಕೊಂಡು ಒಂದೇ ಮಾತು ಹೇಳಿದರು: ಅಲ್ಲೇನೈತೆ, ಏನೂ ಇಲ್ಲ. ಸುಳ್ಳು ಹೇಳುತ್ತಿದ್ದಾರೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು, ಆ ಜಾಗದ ಸುದ್ದಿಯನ್ನು ಗಂಡಸು ಬಾಯಲ್ಲಿ ಎತ್ತುವುದು ಅಲ್ಲಿ ಬೈಗುಳಕ್ಕಿಂತ ಕೀಳು. ಅವರು ಮರ್ಯಾದೆಗೆ ‘ಏನೂ ಇಲ್ಲ’ ಎನ್ನುತ್ತಿದ್ದರು. ನಾನು ಅದನ್ನು ಹಾಗೆಯೇ ಕಾಲಮ್ಮಿನಲ್ಲಿ ಬರೆದುಕೊಂಡರೆ ಅದು ಸರ್ಕಾರದ ‘ಏನೂ ಇಲ್ಲ’ ಆಗುತ್ತಿತ್ತು.

ಹಾಗಾಗುವ ಕಾಲವೂ ಹತ್ತಿರ ಬಂದಿತ್ತು. ಬಂಡೆಯ ಜಾಗವನ್ನು ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಗೆ ಕೊಡಿಸಬೇಕೆಂದು ಮಂಡಲದ ಪ್ರಧಾನರು ಓಡಾಡುತ್ತಿದ್ದರು. ಅವರೂ ಅದೇ ಊರಿನವರು. ಸುತ್ತ ಗೋಡೆ, ಕಾವಲುಗಾರ, ಹಗಲೂ ರಾತ್ರಿ ಲಾರಿ. ತಾಲ್ಲೂಕಿನ ಅಧಿಕಾರಿ ಸದ್ಯದಲ್ಲೇ ಸ್ಥಳಕ್ಕೆ ಬಂದು ಮಹಜರು ಬರೆಸುವವರಿದ್ದರು. ಹೊಸ ನಕ್ಷೆ ತಯಾರಾಗುತ್ತಿದೆ ಎಂದು ತಿಳಿದು ನಮ್ಮದರ ಒಂದು ಪ್ರತಿಯನ್ನೂ ಕೇಳಿದ್ದರು. ನನ್ನ ಬೂದು ಬಣ್ಣಕ್ಕೆ ಒಮ್ಮೆಲೇ ಅಷ್ಟು ಬೆಲೆ ಬಂದಿತ್ತು.

ಕಾರ್ಖಾನೆಯವರು ಕೆಟ್ಟವರು ಎಂದು ಹೇಳಿಬಿಟ್ಟರೆ ನನಗೆ ಕೆಲಸ ಸುಲಭ. ಹಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ನಿಂತೇಹೋಗಿತ್ತು. ಊರಿನ ಹುಡುಗರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕೂಲಿ ಹುಡುಕಿಕೊಂಡು ಬರುತ್ತಿದ್ದರು. ಮೆಂಬರಮ್ಮನ ಹಿರಿಯ ಮಗನೂ ಅವರಲ್ಲಿ ಒಬ್ಬ. ಕಾರ್ಖಾನೆ ಬಂದರೆ ಮೊದಲ ಕೆಲಸ ಅವನಿಗೇ ಎಂದು ಪ್ರಧಾನರು ಮಾತು ಕೊಟ್ಟಿದ್ದರು. ರೈಲ್ವೆ ಹಳಿಯ ಆಚೆ ಇನ್ನೊಂದು ಖರಾಬು ಇತ್ತು. ಅಳೆದು ನೋಡಿದೆ, ವಿಸ್ತಾರ ಸಾಕಷ್ಟಿತ್ತು, ನೆಲ ಇನ್ನೂ ಮಟ್ಟಸವಾಗಿತ್ತು. ಅಲ್ಲಿಗೆ ಲಾರಿ ಹೋಗಲು ದಾರಿ ಮಾಡಿಕೊಳ್ಳಬೇಕಾಗಿತ್ತು, ಅಷ್ಟೇ. ಆ ತೊಂದರೆ ಕಾರ್ಖಾನೆಯವರಿಗೆ ಬೇಡವಾಗಿತ್ತು.

ನಾನು ಮೊದಲು ಮಾಡಿದ್ದು ಪೇಟೆಯವರು ಮಾಡುವ ಕೆಲಸ. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಸಾಲಾಗಿ ನಿಂತಿದ್ದ ಹೆಂಗಸರ ಹತ್ತಿರ ಪ್ಯಾಡು ಹಿಡಿದು ಹೋಗಿ, ಬಂಡೆಯ ಜಾಗ ನಿಮಗೆ ಯಾವುದಕ್ಕೆ ಬೇಕು, ನೀವೇ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಪಕ್ಕದಲ್ಲೇ ಡೈರಿಯ ಗುಮಾಸ್ತ ಹಾಲು ಅಳೆಯುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ಗೋಡೆಯ ಕಡೆ ತಿರುಗಿಕೊಂಡರು. ಒಬ್ಬ ವಯಸ್ಸಾದ ಹೆಂಗಸು ಕ್ಯಾನು ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ನಮ್ ಮಾನಾನ ಪಟದಾಗೆ ಬರ್ದು ಆಫೀಸ್ನಾಗೆ ತೂಗಾಕ್ತೀಯಾ? ಓದಿರೋ ಎಣ್ಣಲ್ವೇನೆ ನೀನು?”

ಪ್ಯಾಡನ್ನು ಕಂಕುಳಿಗೆ ಸೇರಿಸಿಕೊಂಡು ಹಿಂದಿರುಗಿದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಸುತ್ತಿ ಮೆಂಬರಮ್ಮನ ಗಂಡನನ್ನು ತಲುಪಿತು. ಮೇಡಮ್ಮನ ಗಂಟುಮೂಟೆ ಕಟ್ಟಿಸು ಎಂದು ಅವನು ಹೆಂಡತಿಗೆ ಹೇಳಿದ್ದು ಕೋಣೆಯೊಳಗಿದ್ದ ನನಗೆ ಕೇಳಿಸಿತು. ಅವಳು ಏನು ಸಮಾಧಾನ ಹೇಳಿದಳೋ ನನಗೆ ಗೊತ್ತಿಲ್ಲ. ಊಟಕ್ಕೆ ಎಂದಿನ ಹಾಗೆ ಮುದ್ದೆ ಬಡಿಸಿದಳು.

ಮರುದಿನ ಪ್ರೊಫೆಸರರು ತಪಾಸಣೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ವಿಪರೀತ ಶಿಸ್ತು. ಜಗುಲಿಯ ಮೇಲೆ ನಕ್ಷೆ ಹರಡಿ ಬೆರಳಾಡಿಸುತ್ತಾ ಬಂದು, ಉತ್ತರದ ಬಿಳಿ ತುಂಡಿನ ಮೇಲೆ ನಿಲ್ಲಿಸಿ, ಇದೇಕೆ ಖಾಲಿ ಎಂದರು. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ತೊದಲಿದೆ. ಆ ಒಂದು ವಿಷಯವನ್ನು ಅವರ ಮುಂದೆ ಹೇಳಲು ನನ್ನ ನಾಲಿಗೆಯೂ ಡೈರಿಯ ಹೆಂಗಸರ ನಾಲಿಗೆಯ ಹಾಗೆಯೇ ಹಿಂದೆ ಸರಿಯಿತು. ಕೊನೆಗೆ ಹೇಗೋ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಇದು ನೈರ್ಮಲ್ಯದ ವಿಷಯ, ಭೂಗೋಳದ್ದಲ್ಲ, ಭೂಬಳಕೆಯ ವರ್ಗಗಳಲ್ಲಿ ಇದಕ್ಕೆ ಮನೆಯಿಲ್ಲ ಎಂದರು.

ನನಗೆ ರೇಗಿತು. ಬೆಂಗಳೂರಿನ ಒಬ್ಬ ಗೆಳತಿ ಆಗಷ್ಟೇ ನನಗೆ ಕೆಲವು ಸೈಕ್ಲೋಸ್ಟೈಲ್ ಹಾಳೆಗಳನ್ನು ಕಳಿಸಿದ್ದಳು. ಹೊರದೇಶಗಳಲ್ಲಿ ಕೆಲವು ಹೆಂಗಸರು ಭೂಗೋಳವನ್ನು ಹೊಸದಾಗಿ ಪ್ರಶ್ನೆ ಮಾಡುತ್ತಿದ್ದರಂತೆ: ಒಂದೇ ಊರು ಗಂಡಸಿಗೆ ಮತ್ತು ಹೆಂಗಸಿಗೆ ಒಂದೇ ಊರಾಗಿರುತ್ತದೆಯೇ, ನೆಲ ಯಾರದು ಎನ್ನುವುದರ ಜೊತೆಗೆ ಅದರ ಮೇಲೆ ಯಾರು ಯಾವಾಗ ನಡೆಯಬಲ್ಲರು ಎಂದೂ ಕೇಳಬೇಡವೇ, ಎಂದು. ಓದಿದಾಗ ತಲೆ ತೂಗಿದ್ದೆ, ಅಷ್ಟೇ. ಈಗ ಅದನ್ನೇ ನನ್ನ ಮಾತಿನಲ್ಲಿ ಪ್ರೊಫೆಸರರಿಗೆ ಒದರಿದೆ. ‘ಮಾನವ ಮತ್ತು ಪರಿಸರ’ ಎಂದು ಪಾಠ ಮಾಡುತ್ತೇವಲ್ಲ ಸರ್, ಆ ಮಾನವ ಬರೀ ಗಂಡಸೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ.

“ಆಯ್ತಮ್ಮ, ನಿನ್ನ ಮಾತು ಒಪ್ಪಿದೆ ಅಂತಿಟ್ಟುಕೋ. ಪುರಾವೆ ಎಲ್ಲಿ? ಗಂಡಸರು ಏನೂ ಇಲ್ಲ ಅಂತಾರೆ, ಹೆಂಗಸರು ಬಾಯೇ ಬಿಡಲ್ಲ. ನಿನ್ನೊಬ್ಬಳ ಮಾತು ಕೇಳಿ ನಾನು ನಕ್ಷೆ ಹೇಗೆ ಕೊಡಲಿ?”

ಮಹಜರಿನ ಹೊತ್ತಿಗೆ ಒಂದೋ ಪುರಾವೆ ತಾ, ಇಲ್ಲವೋ ಬೂದು ಹಚ್ಚು ಎಂದು ಹೇಳಿ ಅವರು ಹೊರಟುಹೋದರು.

ಅದೇ ಸಂಜೆ ಆ ಜೀಪು ಬಂತು. ದೀಪ ಹಚ್ಚುವ ಹೊತ್ತು. ನಾನೂ ಮೆಂಬರಮ್ಮನೂ ಬಂಡೆಯ ಎಡಕ್ಕಿದ್ದೆವು, ಸುತ್ತ ಇನ್ನೂ ಹಲವರಿದ್ದರು. ಕಾರ್ಖಾನೆಯವರು ಗಡಿ ಗುರುತು ಮಾಡಲು ಯಾರನ್ನೋ ಕಳಿಸಿದ್ದರು. ಅವರು ಹೊರಗಿನವರು, ಹುಣಸೆಮರ ಅವರಿಗೆ ಬರೀ ಒಂದು ಮರ. ಜೀಪು ಮರ ದಾಟಿ ನೇರವಾಗಿ ಒಳಗೆ ಬಂದು ತಿರುಗಿತು. ಹೆಡ್‌ಲೈಟಿನ ಬೆಳಕು ಪೊದೆಗಳ ಮೇಲೆಲ್ಲ ಒಂದು ಸುತ್ತು ಹಾಯ್ದು ನಮ್ಮ ಮೇಲೆ ನಿಂತಿತು. ಒಬ್ಬೊಬ್ಬರೇ ಎದ್ದು ನಿಂತೆವು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅತ್ತ ತಿರುಗಿ, ಕಲ್ಲುಗಳ ಹಾಗೆ ನಿಂತೆವು. ಯಾರೂ ಕಿರುಚಲಿಲ್ಲ. ಕಿರುಚಿದರೆ ಯಾರೆಂದು ದನಿಯಿಂದ ಗೊತ್ತಾಗುತ್ತಿತ್ತು. ಜೀಪಿನಲ್ಲಿ ಯಾರೋ ನಕ್ಕರು. ಆ ನಗು ಕೇಳಿ ನನ್ನ ಕೈಯಲ್ಲಿದ್ದ ಚೊಂಬನ್ನು ಅವರ ಗಾಜಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಗಾಡಿ ಹಿಂದಕ್ಕೆ ಸರಿದು ಹೋಗುವ ತನಕ ಹಾಗೆಯೇ ನಿಂತಿದ್ದೆವು.

ಆಮೇಲಿನ ದಿನಗಳಲ್ಲಿ ಹೆಂಗಸರು ಮಧ್ಯಾಹ್ನದ ನಂತರ ನೀರು ಕುಡಿಯುವುದನ್ನೇ ಬಿಟ್ಟರು. ಹೊಲದಿಂದ ಬಿಸಿಲಿನಲ್ಲಿ ಬಂದವರು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ಪಕ್ಕದ ಮನೆಯ ತುಂಬಿದ ಬಸುರಿ ಸೊಸೆ ಸಂಜೆಯಾದರೆ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಕಾರ್ಖಾನೆಯ ಗೋಡೆ ಎದ್ದಮೇಲೆ ದಿನವೂ ಇದೇ ಗತಿ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಾಗಿತ್ತು. ನಕ್ಷೆ ಬಿಡಿಸುವವಳು ನಾನು, ನನಗೊಂದು ದಾರಿ ಕಾಣುತ್ತಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಹೇವರಿಕೆಯಾಯಿತು.

ದಾರಿ ಕಂಡದ್ದು ಕೊಟ್ಟಿಗೆಯಲ್ಲಿ. ಮೆಂಬರಮ್ಮ ಹಾಲು ಕರೆಯುತ್ತಿದ್ದಳು, ನಾನು ಕರು ಹಿಡಿದುಕೊಂಡಿದ್ದೆ. ಜೀಪಿನವರು ನಮ್ಮೂರಿನವರಾಗಿದ್ದರೆ ಸತ್ತರೂ ಆ ಮರ ದಾಟುತ್ತಿರಲಿಲ್ಲ ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. ನನ್ನ ಕೈಯಿಂದ ಕರು ತಪ್ಪಿಸಿಕೊಂಡಿತು. ಅಲ್ಲಿ ಏನಿದೆ ಎಂದು ಗಂಡಸರನ್ನು ಕೇಳುವ ಅಗತ್ಯವೇ ಇರಲಿಲ್ಲ. ನೀವು ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗುವುದಿಲ್ಲ ಎಂದು ಕೇಳಿದರೆ ಸಾಕಿತ್ತು. ಅದಕ್ಕೆ ಮರ್ಯಾದೆಸ್ಥ ಗಂಡಸೂ ಉತ್ತರ ಕೊಡಬಹುದು. ಅವರು ಬಿಟ್ಟ ಜಾಗವನ್ನು ನಕ್ಷೆಯ ಮೇಲೆ ಗುರುತು ಮಾಡುತ್ತಾ ಹೋದರೆ ಹೆಂಗಸರ ಜಾಗ ತಾನಾಗಿ ಮೂಡುತ್ತದೆ.

ಆಕೆಗೆ ಹೇಳಿದೆ, ಹಳಿಯಾಚೆಯ ಖರಾಬಿನ ವಿಷಯವನ್ನೂ ಹೇಳಿದೆ. ಆಕೆ ಹಾಲಿನ ಚೊಂಬು ಪಕ್ಕಕ್ಕಿಟ್ಟು, ತಪ್ಪಿಸಿಕೊಂಡ ಕರುವನ್ನು ಹಿಡಿದು ಕಟ್ಟಿದಳು. ಮಗನ ಕೆಲಸದ ಮಾತು ಎತ್ತುತ್ತಾಳೆಂದು ನಾನು ಹೆದರಿದ್ದೆ, ಎತ್ತಿಯೂ ಎತ್ತಿದಳು.

“ಅಳಿ ಆಚೇಗೆ ಓದ್ರೂ ಕಾರ್ಖಾನೆ ಕಾರ್ಖಾನೇನೇ ಅಲ್ವಾ, ನನ್ ಮಗ ಅಲ್ಲಿಗೇ ಓಗ್ತಾನೆ. ಕೆಲ್ಸ ಕೊಡ್ದಿದ್ರೆ ಬಿಡ್ಲಿ. ಕೇಳು ನೀನು. ಒಂದ್ ಮಾತು, ಏನಕ್ಕೆ ಅಂತ ಬರೀಬ್ಯಾಡ. ಯಾರ್ ಎಸ್ರೂ ಬರೀಬ್ಯಾಡ.”

ಆ ಷರತ್ತಿಗೆ ಒಪ್ಪಿ, ಮರುದಿನದಿಂದ ಮತ್ತೆ ಮನೆಮನೆ ಹತ್ತಿದೆ. ಈ ಸಲ ಪ್ರಶ್ನಾವಳಿ ಬದಿಗಿಟ್ಟು, ಊರಿನ ಬರಿ ಗೆರೆಗಳ ನಕ್ಷೆಯೊಂದನ್ನು ಗಂಡಸರ ಮುಂದೆ ಹರಡುತ್ತಿದ್ದೆ. ಕೆರೆ, ಗುಡಿ, ಹುಣಸೆಮರ ತೋರಿಸಿ, ಬೆಳಗಾಗುವ ಮುಂಚೆ, ಮಟಮಟ ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಒಂದೊಂದರಲ್ಲೂ ನೀವು ಕಾಲಿಡದ ಕಡೆ ಬೆರಳಿಡಿ ಎಂದು ಕೇಳುತ್ತಿದ್ದೆ. ಮಧ್ಯಾಹ್ನಕ್ಕೆ ಯಾರೂ ಬಂಡೆಯನ್ನು ತೋರಿಸಲಿಲ್ಲ. ದನ ಹೊಡೆದುಕೊಂಡು ಅಲ್ಲಿಗೂ ಹೋಗುತ್ತಿದ್ದರು. ನಸುಕಿಗೂ ಸಂಜೆಗೂ ಬಂದಾಗ ಬೆರಳುಗಳು ಹುಣಸೆಮರದ ಆಚೆ ಹೋಗಿ ನಿಲ್ಲುತ್ತಿದ್ದವು. ಕೆಲವರು ನಾಚಿಕೊಂಡರು, ಒಬ್ಬ ಮುದುಕ ಗೆರೆ ಎಳೆದು ತೋರಿಸಿದ. ಕಾಲನಿಯಲ್ಲಿ ಕೇಳಿದರೂ ಅದೇ, ಒಕ್ಕಲಿಗರ ಬೀದಿಯಲ್ಲಿ ಕೇಳಿದರೂ ಅದೇ. ಮೆಂಬರಮ್ಮನ ಗಂಡ ಕೂಡ ಮುಖ ಸಿಂಡರಿಸಿಕೊಂಡೇ ಬೆರಳಿಟ್ಟ. ಪ್ರಧಾನರು ಮಾತ್ರ ನಕ್ಷೆಯನ್ನು ನನ್ನ ಕಡೆಗೇ ತಳ್ಳಿದರು. ನಾನು ಪ್ರಧಾನ, ಎಲ್ಲಿಗೆ ಬೇಕಾದರೂ ಯಾವ ಹೊತ್ತಿಗೆ ಬೇಕಾದರೂ ಹೋಗುವವನು ಎಂದರು.

ಹೀಗೆ ಎರಡು ಹಾಳೆ ಮಾಡಿದೆ. ಮೊದಲನೆಯದು ಹಗಲಿನದು. ಎರಡನೆಯದು ನಸುಕು ಮತ್ತು ಸಂಜೆಯದು. ಅದರಲ್ಲಿ ಹುಣಸೆಮರದ ಆಚೆಯ ತುಂಡಿಗೆ ಅಡ್ಡಗೆರೆ ಹಾಕಿ, ಕೆಳಗೆ ‘ಈ ಹೊತ್ತಿನಲ್ಲಿ ಗಂಡಸರು ಹೋಗದ ಜಾಗ’ ಎಂದಷ್ಟೇ ಬರೆದೆ. ಬೆಂಗಳೂರಿಗೆ ರೈಲು ಹತ್ತಿ ಹೋಗಿ ಪ್ರೊಫೆಸರರ ಮೇಜಿನ ಮೇಲಿಟ್ಟೆ. ಅವರು ಬೆರಳ ಗುರುತುಗಳಿದ್ದ ಹಾಳೆಗಳನ್ನು ಒಂದೊಂದಾಗಿ ತಾಳೆ ನೋಡಿದರು. ಇದನ್ನು ನಕ್ಷೆ ಅಂತಲೇ ಕೊಡೋಣ ಎಂದರು.

ಮಹಜರಿನ ದಿನ ಅಧಿಕಾರಿ ಮಧ್ಯಾಹ್ನಕ್ಕೆ ಬರಬೇಕಿತ್ತು. ಬಂಗಾರಪೇಟೆಯಲ್ಲಿ ಇನ್ನೊಂದು ಕೆಲಸ ಮುಗಿಸಿ, ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡು, ಬಂದಾಗ ಬಿಸಿಲು ಇಳಿದಿತ್ತು. ಮೆಂಬರಮ್ಮನ ಜಗುಲಿಯ ಮೇಲೆ ಕುಳಿತರು. ಪ್ರೊಫೆಸರರು ಎರಡೂ ಹಾಳೆ ಕೊಟ್ಟರು. ಅಧಿಕಾರಿ ಮೊದಲನೆಯದನ್ನು ನೋಡಿ ಎರಡನೆಯದನ್ನು ಮಡಿಚಿಟ್ಟರು. ಹೊತ್ತಿಗೊಂದು ನಕ್ಷೆ ಎಂಬುದು ಕಾನೂನಿನಲ್ಲಿ ಇಲ್ಲ ಎಂದರು. ಅವರ ಜೊತೆ ಬಂದಿದ್ದ ಗುಮಾಸ್ತರು ಬರೆಯುತ್ತಾ ಹೋದರು: ಸದರಿ ಜಾಗವು ಖಾಲಿ ಇದ್ದು, ಯಾರ ಅನುಭೋಗದಲ್ಲಿಯೂ ಇರುವುದಿಲ್ಲ. ನಾನು ಎದ್ದು ಮಾತಾಡಿದೆ. ಹೆಂಗಸರು ಬಳಸುವ ಜಾಗ ಸಾರ್, ಹಳಿಯಾಚೆ ಬೇರೆ ಖರಾಬು ಇದೆ ಎಂದೆ. ಅಧಿಕಾರಿ ಪ್ರಧಾನರ ಕಡೆ ತಿರುಗಿದರು. ಅಲ್ಲೇನೂ ಇಲ್ಲ ಸ್ವಾಮಿ ಎಂದರು ಪ್ರಧಾನರು. ಸಾಕ್ಷಿಗೆಂದು ಕರೆಸಿದ್ದ ಊರಿನ ಪಂಚರು ಒಬ್ಬೊಬ್ಬರೂ ನೆಲ ನೋಡುತ್ತಾ ರುಜು ಹಾಕಿದರು. ಪುಸ್ತಕ ಮೆಂಬರಮ್ಮನ ಮುಂದೆ ಬಂದಾಗ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಗಂಡ ಕಣ್ಣು ಕೆಕ್ಕರಿಸಿದ. ಅವಳು ಕದಲಲಿಲ್ಲ. ಒಬ್ಬರ ರುಜು ಇಲ್ಲದಿದ್ದರೂ ನಡೆಯುತ್ತದೆ ಎಂದು ಗುಮಾಸ್ತರು ಹಾಳೆ ತಿರುಗಿಸಿದರು.

ಅಷ್ಟರಲ್ಲಿ ಅಧಿಕಾರಿ ಗಡಿ ಕಲ್ಲುಗಳನ್ನು ಒಂದು ಸಲ ಕಣ್ಣಿಂದ ನೋಡಿಬಿಡೋಣ ಎಂದು ಎದ್ದರು. ಒಳಗೆ ದೀಪ ಹಚ್ಚಿಯಾಗಿತ್ತು. ಮೆಂಬರಮ್ಮ ಬಾಗಿಲಿಗೆ ಬಂದು, ಬೆಳಿಗ್ಗೆ ನೋಡಿ ಸ್ವಾಮಿ ಎಂದಳು. ಯಾಕೆ ಎಂದು ಅವರು ಕೇಳಿದರು. ಅವಳು ತಲೆ ತಗ್ಗಿಸಿದಳು. ಬೇಕೆಂದೇ ಅಡ್ಡಗಾಲು ಹಾಕುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿರಬೇಕು, ಬಿರಬಿರನೆ ನಡೆದರು. ಹಿಂದೆ ಪ್ರಧಾನರು, ಗುಮಾಸ್ತರು, ಪಂಚರು, ಪ್ರೊಫೆಸರರು, ಊರಿನ ಒಂದಿಷ್ಟು ಗಂಡಸರು. ಹೆಂಗಸರು ಆಗಲೇ ಕಾಲುದಾರಿಗಳಲ್ಲಿ ಹೋಗಿದ್ದನ್ನು ನಾನು ನೋಡಿದ್ದೆ. ಮತ್ತೆ ಆ ಬೆಳಕು, ಮತ್ತೆ ಎದ್ದು ನಿಲ್ಲುವುದು. ಓಡಿಹೋಗಿ ಕೂಗಿ ಎಚ್ಚರಿಸಬೇಕು ಎಂದು ಸೀರೆ ಎತ್ತಿ ಕಟ್ಟಿಕೊಂಡೆ.

ಗುಂಪನ್ನು ದಾಟಿ ಹುಣಸೆಮರದ ಹತ್ತಿರ ಬಂದಾಗ ನನ್ನ ಹಿಂದಿನ ಹೆಜ್ಜೆ ಸಪ್ಪಳ ನಿಂತಿತು. ಮೊದಲು ಊರಿನ ಗಂಡಸರು ನಿಂತರು. ಆಮೇಲೆ ಪಂಚರು. ರುಜು ಹಾಕಿದ ಶಾಯಿ ಇನ್ನೂ ಆರಿರಲಿಲ್ಲ. ಅಧಿಕಾರಿಯೂ ಗುಮಾಸ್ತರೂ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರು. ಪ್ರಧಾನರು ಮರದ ಕೆಳಗೆ ಒಂದು ಕಾಲು ಮುಂದಿಟ್ಟು ಹಾಗೆಯೇ ನಿಂತಿದ್ದರು.

“ಬನ್ನಿ ಪ್ರಧಾನರೇ. ಅಲ್ಲಿ ಏನೂ ಇಲ್ಲ ಅಂತ ನೀವೇ ಬರೆಸಿದ್ದೀರಲ್ಲ,” ಎಂದರು ಅಧಿಕಾರಿ.

ಪ್ರಧಾನರು ಪಂಚೆ ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು. ಕಾಲು ಮಾತ್ರ ಏಳಲಿಲ್ಲ. ಅಧಿಕಾರಿ ಬೇಸರದಿಂದ ಟಾರ್ಚು ಹೊರಗೆ ತೆಗೆದು, ಗುಂಡಿಯ ಮೇಲೆ ಬೆರಳಿಟ್ಟು ಬಂಡೆಯ ಕಡೆ ತಿರುಗಿದರು. ಆಗ ಪ್ರಧಾನರು ಮುಂದಕ್ಕೆ ಬಾಗಿ ಅವರ ಕೈ ಹಿಡಿದುಕೊಂಡರು.

“ಬ್ಯಾಡ ಸ್ವಾಮಿ, ಬೆಳ್ಕು ಬಿಡ್ಬ್ಯಾಡಿ. ನಮ್ಮಮ್ಮ ಅಲ್ಲಿ ಅವ್ಳೆ.”

ಅಧಿಕಾರಿ ಟಾರ್ಚನ್ನು ಜೇಬಿಗೆ ಹಾಕಿಕೊಂಡು ಮರದ ಈಚೆಗೆ ಬಂದರು. ಊರಿನ ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತಿದ್ದರು. ಅವರೂ ಬೆನ್ನು ತಿರುಗಿಸಿ, ಮಹಜರಿನ ಪುಸ್ತಕ ಕೊಡಿ, ಆ ಎರಡನೆಯ ನಕ್ಷೆಯನ್ನೂ ಕೊಡಿ ಎಂದು ಗುಮಾಸ್ತರ ಕಡೆ ಕೈ ಚಾಚಿದರು.